ಸಿರೇಲಿ ತಂದ ಬೇರು

“ಅವತ್ತು ಅವರು ನಿಮ್ಮ ಹತ್ರ ಏನಂದ್ರು, ಅಯ್ನೋರೇ?”

ಉಲಮಿಲ ಗಂಡ ಸಿರೇಲಿಯ ಶವದ ತಲೆಯ ಬಳಿ ಕೂತಿದ್ದಳು. ಊರಿನ ಪರವಾಗಿ ಹಿರಿಯ ತನಿಯೇಲ ಗೌರವದ ಕಾಣಿಕೆಯಾದ ತಿಮಿಂಗಿಲದ ಹಲ್ಲು ಒಪ್ಪಿಸಿ, ಸಾವಿನ ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಆಡಿ ಮುಗಿಸಿದ್ದ. ಇನ್ನು ಪಾದ್ರಿ ವಿಲಿಕೇಸ ಪ್ರಾರ್ಥನೆ ಮಾಡಿದರೆ ಹೂಳಲು ಹೊರಡುವುದು. ಇಂಥ ಹೊತ್ತಿನಲ್ಲಿ ವಿಧವೆ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಪ್ರಾರ್ಥನೆಗೆಂದು ತಲೆ ತಗ್ಗಿಸಿದ್ದ ಹೆಂಗಸರು ಹಾಗೇ ಕಣ್ಣೆತ್ತಿ ನೋಡಿದರು.

ವಿಲಿಕೇಸನಿಗೆ ಎಂದೂ ಮಾತಿಗೆ ಬರವಿರಲಿಲ್ಲ. ನಮ್ಮ ದ್ವೀಪಗಳ ರಾಜಧಾನಿ ಸುವಾ ಪಟ್ಟಣದಲ್ಲಿ ಓದಿ ಬಂದವನು. ಅವನ ಭಾನುವಾರದ ಉಪದೇಶ ಮುಗಿಯುವಷ್ಟರಲ್ಲಿ ನೆಲದ ಒಲೆಯಲ್ಲಿಟ್ಟ ಕೆಸುವಿನ ಗೆಡ್ಡೆ ಕರಕಲಾಗುತ್ತದೆಂದು ಹೆಂಗಸರು ಗೊಣಗುತ್ತಿದ್ದರು. ಹೆಂಡತಿ ಲಿತಿಯಾನಳಂತೂ ಎದುರಿಗೇ ಹೇಳುವವಳು: “ನೀವು ಸ್ವಲ್ಪ ಬಾಯಿ ಮುಚ್ಚಿದ್ರೆ ದೇವರಿಗೂ ಒಂದು ಮಾತಾಡೋಕೆ ಪುರುಸೊತ್ತು ಸಿಗುತ್ತೆ.” ಅವನು ನಕ್ಕು, ಆ ಮಾತಿನ ಮೇಲೂ ಒಂದು ಉಪದೇಶ ಮಾಡಿಬಿಡುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ಯಾರ ಮನೆಯಲ್ಲಿ ಜ್ವರವೆಂದರೂ ಮೊದಲು ಓಡುವವನು ಅವನೇ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಗಿರುತ್ತಿತ್ತು.

ಸಿರೇಲಿ ಅವನ ಮನೆಗೆ ಬಂದದ್ದು ಸೋಮವಾರ ಮಧ್ಯಾಹ್ನ. ಹಳೆಯ ಪೇಪರಿನಲ್ಲಿ ಸುತ್ತಿದ, ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಯಂಗೋನ ಬೇರಿನ ಕಟ್ಟನ್ನು ಮುಂದಿಟ್ಟು, ಬಾಗಿಲ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಮನಸ್ಸಿನಲ್ಲಿ ಭಾರವಿದ್ದವರು ದೊಡ್ಡವರ ಮುಂದೆ ಹೀಗೆ ಬೇರು ಇಡುತ್ತಾರೆ. ದೊಡ್ಡವರು ಅದನ್ನು ಮುಟ್ಟಿ, ಚಪ್ಪಾಳೆ ತಟ್ಟಿ ಒಪ್ಪಿಕೊಂಡು, ಬಂದ ವಿಷಯ ಕೇಳಬೇಕು. ಕೇಳುವವರೆಗೆ ತಂದವನು ತುಟಿ ಬಿಚ್ಚುವಂತಿಲ್ಲ.

ಆದರೆ ಅದು ದೋಣಿಗಳು ಹೊರಡುವ ವಾರ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಸೌತೆಯೆಂಬ ಬೆಲೆಬಾಳುವ ಜೀವಿಯನ್ನು ತಳದಿಂದ ಆರಿಸಲು ಆಳಕ್ಕೆ ಮುಳುಗುವ ಗಂಡಸರು ಬೆಳಿಗ್ಗೆಯಿಂದ ಒಬ್ಬರ ಹಿಂದೊಬ್ಬರು ಬೇರು ತಂದಿಟ್ಟು ಆಶೀರ್ವಾದ ಪಡೆದು ಹೋಗಿದ್ದರು. ಸಿರೇಲಿ ಐದನೆಯವನು. ವಿಲಿಕೇಸ ಬೇರು ಮುಟ್ಟಿದ, ಚಪ್ಪಾಳೆ ತಟ್ಟಿದ, ನೇರ ಪ್ರಾರ್ಥನೆಗಿಳಿದ. ಕಡಲು ಮಾಡಿದವನನ್ನು ಕೊಂಡಾಡಿದ, ದೋಣಿಯನ್ನು ಹರಸಿದ, ಈ ನಿನ್ನ ಮಗನಿಗೆ ಅಂಜದೆ ಮುಳುಗುವ ಧೈರ್ಯ ಕೊಡು ಎಂದು ಬೇಡಿದ. ಕಣ್ಣು ಬಿಟ್ಟರೆ ಸಿರೇಲಿ ಇನ್ನೂ ಕೂತೇ ಇದ್ದ. ಸಾಲದೇನೋ ಎಂದು ಒಂದು ವಚನ ಓದಿ, ಅದರ ಅರ್ಥವನ್ನೂ ಬಿಡಿಸಿ ಹೇಳಿ, ಬೆನ್ನು ತಟ್ಟಿ ಕಳಿಸಿದ. ಗುರುವಾರ ಅವನನ್ನು ನೀರಿನಿಂದ ಎತ್ತಿ ತಂದರು.

ಈಗ ಉಲಮಿಲ ಉತ್ತರಕ್ಕೆ ಕಾಯುತ್ತಿದ್ದಳು. ನಿನ್ನ ವಿಷಯವೇ ಮಾತಾಡಿದನಮ್ಮ ಎಂದಿದ್ದರೆ ಸಾಕಿತ್ತು, ಅವಳು ಅದನ್ನು ಬದುಕಿರುವವರೆಗೂ ಜೋಪಾನ ಮಾಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅದು ಅಷ್ಟು ಸಲೀಸಾಗಿ ಬಂದದ್ದು ಕಂಡು ಅವನಿಗೇ ಹೇಸಿಗೆಯಾಯಿತು.

“ಏನೂ ಹೇಳ್ಲಿಲ್ಲಮ್ಮ,” ಎಂದ. “ನಾನು ಕೇಳ್ಲೇ ಇಲ್ಲ.”

ಅವಳಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಹೋದ ಸಲ ಮುಳುಗಿ ಬಂದಾಗಿನಿಂದ ಗಂಡನ ಎಡಗಾಲು ಮರಗಟ್ಟಿತ್ತು; ಹಾಗಾದವರು ಮತ್ತೆ ಆಳಕ್ಕಿಳಿದರೆ ಜೀವಕ್ಕೇ ಅಪಾಯ. ಒಲೆಯ ಕೆಂಡ ಪಾದದ ಮೇಲೆ ಬಿದ್ದದ್ದು ಅವಳು ಕೂಗಿದ ಮೇಲೇ ಅವನಿಗೆ ಗೊತ್ತಾದದ್ದು. ಅಯ್ಯನವರಿಗೆ ಹೇಳು, ಅವರು ದೋಣಿಯ ಯಜಮಾನನಿಗೆ ಹೇಳಿ ಈ ಸಲದ ಕೆಲಸದಿಂದ ಬಿಡಿಸುತ್ತಾರೆ ಎಂದು ಅವಳೇ ಬೇರು ಕೈಗಿಟ್ಟು ಅಟ್ಟಿದ್ದಳು.

“ವಾಪಸ್ ಬಂದು, ಪ್ರಾರ್ಥನೆ ಆಯ್ತು, ಇನ್ನು ಒಲ್ಲೆ ಅನ್ನೋದು ಹೇಗೆ ಅಂದ್ರು,” ಎಂದಳು. “ಕಾಲಿನ ವಿಷಯ ಕೇಳಿಯೂ ನೀವು ಹೋಗು ಅಂದಿರಿ ಅಂದ್ಕೊಂಡೆ. ಅಯ್ನೋರು ಹೇಳಿದ್ರೆ ಸರಿಯಾಗೇ ಇರುತ್ತೆ ಅಂತ ನಾನೇ ಬುತ್ತಿ ಕಟ್ಟಿದೆ.”

ವಿಲಿಕೇಸನಿಗೆ ದುಃಖ ಒತ್ತರಿಸಿಕೊಂಡು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಹೊರಗೆ ಗುಂಡಿ ತೋಡಿದವರು ಕಾಯುತ್ತಿದ್ದರು. ತನಿಯೇಲ ಕೆಮ್ಮಿ, ಶುರುಮಾಡು ಎಂದು ಕಣ್ಣಲ್ಲೇ ಸನ್ನೆ ಮಾಡಿದ. ವಚನಗಳು ಒಂದರ ಹಿಂದೊಂದು ನೆನಪಾದವು, ಎಲ್ಲವೂ ಇಂಥ ಹೊತ್ತಿಗೆ ಹೇಳಿ ಮಾಡಿಸಿದಂಥವು. ಅವನು ಬೈಬಲನ್ನು ಪಕ್ಕಕ್ಕಿಟ್ಟು ಅವಳ ಕಡೆಗೆ ಸರಿದು ಕೂತ.

“ಹೇಳಮ್ಮ.”

ಅವಳು ಮೊದಲು ಚಾಪೆಯನ್ನು ನೋಡುತ್ತ, ಆಮೇಲೆ ಅವನನ್ನೇ ನೋಡುತ್ತ ಹೇಳಿದಳು. “ಇದು ನೆಂಟರ ಕಾಲು ಕಣೇ, ಕೂತು ಉಣ್ಣುತ್ತೆ, ಕೆಲಸ ಮಾಡಲ್ಲ ಅಂತ ನಗಿಸೋರು. ನಾನೂ ನಗ್ತಿದ್ದೆ. ನನಗೆ ನಿದ್ದೆ ಬಂತು ಅಂದ್ಕೊಂಡು ಮೆಲ್ಲಗೆ ಎದ್ದು ಕೂತು, ಆ ಕಾಲನ್ನ ಚಿವುಟಿ ಚಿವುಟಿ ನೋಡ್ಕೊಳ್ಳೋರು.”

ಅಲ್ಲಿಗೆ ಅವಳ ಮಾತು ನಿಂತಿತು. ಮುಗಿಯಿತೆಂದುಕೊಂಡು ಮನೆಮಂದಿಯೆಲ್ಲ ಪ್ರಾರ್ಥನೆಗೆ ತಲೆ ತಗ್ಗಿಸಿದರು.

“ಆಮೇಲೆ?” ಎಂದ ವಿಲಿಕೇಸ.