ಬೊಚ್ಚಿ ಡಾಕ್ಟರು

ಹಲ್ಲಿನ ಡಾಕ್ಟರಿಗೆ ಮನೆಯಲ್ಲಿ ಬೊಚ್ಚಿ ಅಂತ ಹೆಸರು. ಯಾರೋ ಬೇಕೆಂದೇ ಕಟ್ಟಿದ ತಮಾಷೆ ಅನ್ನಿಸಬಹುದು. ಆದರೆ ಅವಳು ಡಾಕ್ಟರಾಗುವ ಎಷ್ಟೋ ವರ್ಷ ಮೊದಲೇ, ಬಾಯಲ್ಲಿ ಹಲ್ಲೇ ಇಲ್ಲದ ಕಾಲದಲ್ಲಿ ಬಿದ್ದ ಹೆಸರು ಅದು. ಓರಗೆಯ ಮಕ್ಕಳೆಲ್ಲ ಬಿಸ್ಕತ್ತು ಕಡಿದು ನುಂಗುವ ಹೊತ್ತಿಗೆ ಇವಳದು ಇನ್ನೂ ಬೊಚ್ಚುಬಾಯಿ. ವರ್ಷ ತುಂಬಿತು, ಹದಿಮೂರು ತಿಂಗಳಾಯಿತು, ಹದಿನಾಲ್ಕಾಯಿತು. ಅಮ್ಮ ಕಂಗಾಲಾಗಿ ಕಂಡಕಂಡವರನ್ನೆಲ್ಲ ಕೇಳುತ್ತಿದ್ದರೆ, ಖುಷಿಯಾಗಿದ್ದವನು ಸೋದರಮಾವ ಒಬ್ಬನೇ.

ಮಾವ ಬಸ್ಸಿನ ಕಂಡಕ್ಟರು. ರಜೆ ಸಿಕ್ಕಿದ ದಿನ ತಪ್ಪದೆ ಅಕ್ಕನ ಮನೆಗೆ ಬರುತ್ತಿದ್ದ. ಬಂದವನೇ ಚಪ್ಪಲಿ ಬಿಡುವ ಮೊದಲೇ ಮಗುವನ್ನು ಎತ್ತಿಕೊಂಡು, ಕಿರುಬೆರಳಿನಿಂದ ಕೆಳತುಟಿ ಸರಿಸಿ ಒಳಗೆ ಇಣುಕಿ, "ಬಸ್ಸು ಖಾಲಿ! ಇನ್ನೂ ಒಬ್ರೂ ಹತ್ತಿಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದ. ಹದಿನೈದನೆಯ ತಿಂಗಳಲ್ಲಿ ಕೊನೆಗೂ ಒಂದು ಹಲ್ಲು ಮೊಳೆಯಿತು. ಅದರ ಹಿಂದೆಯೇ ಉಳಿದವೂ ನೂಕುನುಗ್ಗಲು ಮಾಡಿಕೊಂಡು ಬಂದವು. ಹಲ್ಲು ಬಂದರೂ ಮಾವ ಇಟ್ಟ ಹೆಸರು ಮಾತ್ರ ಹೋಗಲಿಲ್ಲ.

ಶಾಲೆಯಲ್ಲಿ ಅವಳು ಈ ಹೆಸರಿಗಾಗಿ ಪಡಬಾರದ ಪಾಡು ಪಟ್ಟಳು. ಮರೆತು ಬಂದ ಊಟದ ಡಬ್ಬಿ ಕೊಡಲು ಬಂದ ಅಮ್ಮ ಕಿಟಕಿಯಿಂದ "ಬೊಚ್ಚೀ" ಎಂದು ಕರೆದ ದಿನ ಅವಳು ಡಬ್ಬಿ ಮುಟ್ಟಲಿಲ್ಲ. ಮುಂದೆ ಹಲ್ಲಿನ ವಿಷಯವನ್ನೇ ಓದಲು ಹೊರಟಾಗ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಂದ ಅಂಕಕ್ಕೆ ಸಿಕ್ಕಿದ್ದು ಆ ಸೀಟು, ಹೆಸರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳು ಎಷ್ಟು ಬಾಯಿ ಬಡಿದುಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾಗಿ ಕ್ಲಿನಿಕ್ ತೆರೆದ ದಿನವೇ ಅವಳೊಂದು ಕಟ್ಟಪ್ಪಣೆ ಮಾಡಿದಳು. ಬಾಗಿಲ ಮೇಲಿನ ಬೋರ್ಡಿನಲ್ಲಿ ಶಾಲೆಯ ದಾಖಲೆಯಲ್ಲಿದ್ದ ಉದ್ದನೆಯ ಹೆಸರು, ಅದರ ಮುಂದೆ ಡಿಗ್ರಿಗಳು. ಮನೆಯ ಹೆಸರು ಹೊಸ್ತಿಲು ದಾಟಿ ಒಳಗೆ ಬರಕೂಡದು. ಅಮ್ಮ ಪಾಪ ತುಂಬ ಪ್ರಯತ್ನಪಟ್ಟರು. ಫೋನ್ ಮಾಡಿದಾಗಲೆಲ್ಲ "ಹಲೋ, ಬೊಚ್... ಡಾಕ್ಟರು ಇದಾರಾ?" ಎನ್ನುತ್ತಿದ್ದರು. ಡಾಕ್ಟರ ಅಮ್ಮನಿಗೆ ಮಾತಿಗೆ ಮುಂಚೆ ಒಂದು ಬಿಕ್ಕಳಿಕೆ ಬರುತ್ತದೆ ಎಂದೇ ಕ್ಲಿನಿಕ್ಕಿನ ನರ್ಸಮ್ಮ ಎಷ್ಟೋ ವರ್ಷ ನಂಬಿದ್ದರು.

ಹೀಗೆ ಹದಿನೆಂಟು ವರ್ಷ ಕಳೆಯಿತು. ಅವಳಿಗೆ ನಲವತ್ತಾರಾಯಿತು. ಕಿವಿಯ ಪಕ್ಕ ನರೆ ಬಂತು, ಮೂಗಿನ ಮೇಲೆ ಕನ್ನಡಕ ಬಂತು, ಬಿಗಿ ಡಾಕ್ಟರು ಎಂಬ ಹೆಸರೂ ಬಂತು. ದೊಡ್ಡ ದೊಡ್ಡವರು ಅವಳ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೈಕಟ್ಟಿ ಮಲಗುತ್ತಿದ್ದರು. ಆ ಬಿಗುವು ಅವಳಿಗೆ ಹಿತವಾಗಿಯೇ ಇತ್ತು.

ಒಂದು ಶನಿವಾರ ಬೆಳಗ್ಗೆ ಕಾಯುವ ಕೋಣೆ ತುಂಬಿತ್ತು. ಒಳಗೆ ಕುರ್ಚಿಯಲ್ಲಿ ಒಬ್ಬ ವಕೀಲರು ದವಡೆ ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿಸಿಕೊಳ್ಳುತ್ತ, ಬಾಯಿತುಂಬ ಹತ್ತಿ ಇಟ್ಟುಕೊಂಡು ಒರಗಿದ್ದರು. ಅವಳು ಸೂಜಿಯಷ್ಟು ತೆಳ್ಳಗಿನ ಅರವನ್ನು ಬೇರಿನೊಳಗೆ ಇಳಿಸುತ್ತಿದ್ದಾಗ, ಮೂವತ್ತೈದು ವರ್ಷ ಬಸ್ಸಿನ ಸದ್ದನ್ನು ಮೀರಿಸಿ ಕೂಗಿದ ಗಂಟಲೊಂದು ಹೊರಗಿನಿಂದ ಮೊಳಗಿತು.

"ಬೊಚ್ಚೀ! ಲೇ ಬೊಚ್ಚೀ! ಎಲ್ಲಿದೀಯೇ? ನೋಡು ಬಾ, ನಿನ್ ಹೆಸ್ರು ಈಗ ನಂಗೇ ಬಂದ್ಬಿಡ್ತು!"

ಕಾಯುವ ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅದಾದ ಮೇಲೆ ಕೇಳಬೇಕೆ, ಕೋಣೆಗೆ ಕೋಣೆಯೇ ನಕ್ಕಿತು. ನರ್ಸಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದದ್ದು ಬಾಗಿಲ ಸಂದಿಯಿಂದ ಅವಳಿಗೆ ಕಾಣಿಸಿತು. ಕುರ್ಚಿಯಲ್ಲಿದ್ದ ವಕೀಲರ ಹೊಟ್ಟೆ ಕುಲುಕಾಡತೊಡಗಿತು.

"ಅಲ್ಲಾಡಬೇಡಿ," ಎಂದಳು ಅವಳು. ಕಿವಿ ಕೆಂಡವಾಗಿತ್ತು.

ವಕೀಲರನ್ನು ಕಳಿಸಿ ಮಾವನನ್ನು ಒಳಗೆ ಕರೆದಳು. ಒಸಡಿನ ಕಾಯಿಲೆಯಿಂದ ಹಲ್ಲು ಒಂದೊಂದೇ ಉದುರಿ, ಉಳಿದಿದ್ದ ಮೂರನ್ನು ಮನೆ ಹತ್ತಿರದ ಯಾರಲ್ಲೋ ಕೀಳಿಸಿಕೊಂಡು, ಗಾಯ ಮಾಗಿದ ಮೇಲೆ ಬಂದಿದ್ದ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಆ ಸಿಟ್ಟೂ ಸೇರಿಕೊಂಡಿತು. ಬಾಗಿಲು ಹಾಕಿ, ದನಿ ತಗ್ಗಿಸಿಯೇ ಝಾಡಿಸಿದಳು.

"ಮಾವ, ನಂಗೆಷ್ಟು ವಯಸ್ಸು ಗೊತ್ತಾ ನಿಂಗೆ? ಇಲ್ಲಿ ಬರೋರು ನನ್ನ ನಂಬಿ ಬಾಯಿ ತೆಗೀತಾರೆ. ಬೊಚ್ಚಿ ಕೈಲಿ ಯಾರು ಹಲ್ಲು ಕಟ್ಟಿಸ್ಕೋತಾರೆ? ನನ್ನ ಮರ್ಯಾದೆ ಅಷ್ಟೂ ಕಳೆದುಬಿಟ್ಟೆ."

ಮಾವನ ಮುಖ ಸಪ್ಪಗಾಯಿತು. ಹಲ್ಲಿಲ್ಲದ ಬಾಯಿ ಇನ್ನಷ್ಟು ಒಳಗೆ ಹೋದಂತೆ ಕಂಡಿತು. "ನಂಗೆ ತಿಳೀಲಿಲ್ಲ ಕಣಮ್ಮ... ಖುಷಿಗೆ ಕೂಗ್ಬಿಟ್ಟೆ," ಎಂದು ತೊದಲಿದ. ಹಲ್ಲುಸೆಟ್ಟಿಗೆ ಅಳತೆ ತೆಗೆಯಲು ಅವಳು ತಣ್ಣನೆಯ ಹಿಟ್ಟಿನಂಥ ಮುದ್ದೆಯನ್ನು ಬಾಯಿಗೆ ಇಟ್ಟಾಗ ಕಮಕ್ ಕಿಮಕ್ ಎನ್ನಲಿಲ್ಲ. ಎದ್ದು ಹೋಗುವಾಗ ಎರಡೂ ಕೈ ಜೋಡಿಸಿ, "ಬರ್ತೀನಿ ಡಾಕ್ಟ್ರೇ," ಎಂದ.

ಅವಳಿಗೆ ಅದು ಕೊಂಕು ಅನ್ನಿಸಿತು. ಅಲ್ಲವೆಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮುಂದಿನ ವಾರ ದವಡೆಯ ಎತ್ತರ ಗುರುತು ಮಾಡಿಸಲು ಬಂದ ಮಾವ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಸರದಿ ಬರುವವರೆಗೆ ಮೂಲೆಯ ಬೆಂಚಿನಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದ. "ನೀವು ಹೇಳಿದ ಹಾಗೆ, ಡಾಕ್ಟ್ರೇ," ಎಂದ. "ನಿಮಗೆ ತೊಂದ್ರೆ ಕೊಟ್ಟೆ," ಎಂದ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದ ಮಾವ ಬಹುವಚನದಲ್ಲಿ ಮಾತಾಡುತ್ತಿದ್ದಾನೆ!

ಅಂದು ಸಂಜೆ ಅಮ್ಮನಿಗೆ ಫೋನ್ ಮಾಡಿದಳು.

"ಮಾವ ನನ್ಮೇಲೆ ಮುನಿಸ್ಕೊಂಡಿದಾನಾ ಅಮ್ಮ?"

"ಮುನಿಸೂ ಇಲ್ಲ ಏನೂ ಇಲ್ಲ. ಮೊನ್ನೆ ಬಂದಿದ್ದ. ಇಲ್ಲೂ ಡಾಕ್ಟ್ರು ಬಂದ್ರಾ, ಡಾಕ್ಟ್ರು ಹೋದ್ರಾ ಅಂತಾನೆ. ಯಾರೋ ಅದು ಅಂದ್ರೆ, ಅಕ್ಕ, ಮಗೂಗೆ ಎಷ್ಟು ವರ್ಷದಿಂದ ಅವಮಾನ ಮಾಡ್ಕೊಂಡು ಬಂದಿದೀನಿ, ನಂಗೇ ಗೊತ್ತಾಗ್ಲಿಲ್ಲ ಅಂತಾನೆ. ಇನ್ಮೇಲೆ ನೀನೂ ಅವಳನ್ನ ಹಾಗೆ ಕರೀಬೇಡ ಅಂದ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನಾನಂತೂ ಕರೆಯೋಳೇ," ಎಂದರು ಅಮ್ಮ. "ನಿನ್ ಆ ಉದ್ದನೆ ಹೆಸ್ರು ಹಿಡ್ಕೊಂಡು ಕೂಗೋಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಹೋಗುತ್ತೆ."

ಮೂರನೆಯ ಸಲ ಮಾವ ಬಂದದ್ದು ಹಲ್ಲುಸೆಟ್ಟನ್ನು ಹಾಕಿ ನೋಡುವುದಕ್ಕೆ. ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಒಮ್ಮೆ ಬಾಯಿಗಿಟ್ಟು ನೋಡಿ, ಮಾತು ಸರಿಯಾಗಿ ಹೊರಡುತ್ತದೆಂದು ಖಾತ್ರಿಯಾದ ಮೇಲೆಯೇ ಗಟ್ಟಿ ಸೆಟ್ಟು ಮಾಡಿಸುವುದು. ಎತ್ತರ ಹೆಚ್ಚಾದರೆ ತುಟಿ ಕೂಡುವುದಿಲ್ಲ, ಹಲ್ಲಿಗೆ ಹಲ್ಲು ಟಕ್ಕೆನ್ನುತ್ತದೆ. ಮುಂದಿನ ಹಲ್ಲುಗಳ ಹಿಂದೆ ಮೇಣ ಕಮ್ಮಿಯಾದರೆ ಗಾಳಿ ಸೋರಿ ಮಾತೆಲ್ಲ ಶಿಳ್ಳೆಯಾಗುತ್ತದೆ. ಇದೆಲ್ಲ ತಿಳಿಯಬೇಕಾದರೆ ಬಾಯಿಯ ಯಜಮಾನ ಬಾಯಿಬಿಟ್ಟು ಮಾತಾಡಬೇಕು. ಆದರೆ ಮಾವ ಮಾತೇ ಆಡಲೊಲ್ಲ.

"ಒಂದರಿಂದ ಹತ್ತು ಎಣಿಸು ಮಾವ."

ಮಾವ ತುಟಿಯ ತುದಿಯಲ್ಲೇ ಗೊಣಗಿ ಹತ್ತು ಮುಗಿಸಿದ.

"ಜೋರಾಗಿ. ಬಸ್ಸಲ್ಲಿ ಕೂಗ್ತಿದ್ದ ಹಾಗೆ."

"ಹೊರಗೆ ಜನ ಇದಾರೆ, ಡಾಕ್ಟ್ರೇ."

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ತುಟಿ ಕೂಡುವ ಅಕ್ಷರ ಬೇಕು, ಹಲ್ಲು ಹತ್ತಿರ ಬರುವ ಅಕ್ಷರ ಬೇಕು. ಒಂದೇ ಮಾತಿನಲ್ಲಿ ಎರಡೂ ಸಿಕ್ಕಿದರೆ ಒಳ್ಳೆಯದು. ಅಂಥ ಮಾತು ಯಾವುದೆಂದು ಯೋಚಿಸಿದರೆ, ನಾಲಿಗೆಯ ತುದಿಯಲ್ಲಿ ಬಂದು ನಿಂತದ್ದು ಒಂದೇ. ತಡೆಯಲಾಗದೆ ಅವಳಿಗೇ ನಗು ಬಂತು.

"ಬೊಚ್ಚಿ ಅನ್ನು ಮಾವ."

ಮಾವ ಬೆಚ್ಚಿಬಿದ್ದವನಂತೆ ನೋಡಿದ. "ಬೇಡ ಬಿಡಿ."

"ಡಾಕ್ಟರು ಹೇಳಿದ್ದು ಕೇಳ್ಬೇಕು. ಬ ಬೇಕು, ಚ ಬೇಕು. ಅನ್ನು."

ಮಾವ ಬಾಗಿಲ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದ. ತುಟಿ ಕೂಡಲಿಲ್ಲ. ಟಕ್ಕೆಂದು ಹಲ್ಲು ಬಡಿಯಿತು. ಅವಳು ಸೆಟ್ಟು ಹೊರತೆಗೆದು, ಸಣ್ಣ ದೀಪದ ಉರಿಯಲ್ಲಿ ಮೇಣ ಕಾಯಿಸಿ ಒತ್ತಿ, ಎತ್ತರ ಒಂದಿಷ್ಟು ಇಳಿಸಿ ಮತ್ತೆ ಬಾಯಿಗಿಟ್ಟಳು.

"ಈಗ?"

"ಬೊಶ್ಶಿ."

"ಬ ಬಂತು, ಚ ಬರ್ಲಿಲ್ಲ. ತೆಗಿ." ಮುಂಬಲ್ಲಿನ ಹಿಂದೆ ತೆಳ್ಳಗೆ ಮೇಣ ಬಳಿದಳು.

"ಬೊಸ್ಚಿ."

"ಹತ್ತಿರ ಬಂತು. ಇನ್ನೊಂದ್ಸಲ. ಗಂಟಲು ಬಿಟ್ಟು ಅನ್ನೋ ಮಾವ, ನಾನೇನು ನಿನ್ನ ನುಂಗಲ್ಲ."

ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ಮಾವ ಅಂಜಿಕೆ ಮರೆತಿದ್ದ. ಕೆಲಸದ ಹುರುಪು ಹತ್ತಿತ್ತು. ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಉಸಿರೆಳೆದು ಕೂಗಿದ.

"ಬೊಚ್ಚೀ!"

ಬ ದುಂಡಗಿತ್ತು. ಚ ಕತ್ತರಿಸಿಟ್ಟ ಹಾಗಿತ್ತು. ಟ್ರೇಯ ಮೇಲಿನ ಕನ್ನಡಿ ಸಣ್ಣಗೆ ಅದುರಿತು. ನರ್ಸಮ್ಮ ಗಾಬರಿಯಿಂದ ಬಾಗಿಲು ತೆರೆದು, "ಕರೆದ್ರಾ?" ಎಂದು ಕೇಳಿದರು.

"ನಿಮ್ಮನ್ನಲ್ಲ, ನನ್ನನ್ನ," ಎಂದಳು ಅವಳು.

ಮಾವನ ಕಣ್ಣು ಒದ್ದೆಯಾಗಿತ್ತು. "ಅಂದ್ಬಿಟ್ಟೆ ನೋಡೇ," ಎಂದ. ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಅದನ್ನು ಹುಡುಕುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಅವಳು ಹೆದರಿದ್ದಂತೆ ಕ್ಲಿನಿಕ್ಕಿಗೆ ಜನ ಕಡಿಮೆಯಾಗಲಿಲ್ಲ. ಹಾಗೆಂದು ಹೆಚ್ಚಾಗಲೂ ಇಲ್ಲ. ಬೀದಿಯಲ್ಲಿ ಕೆಲವರು ಬೆನ್ನ ಹಿಂದೆ "ಬೊಚ್ಚಿ ಡಾಕ್ಟರು" ಎನ್ನುತ್ತಾರೆಂದು ನರ್ಸಮ್ಮ ವರದಿ ಒಪ್ಪಿಸಿದರು. ಮೊದಲ ಸಲ ಕೇಳಿದಾಗ ಒಳಗೆ ಚುರುಕ್ಕೆಂದದ್ದು ಹೌದು. ಎರಡನೆಯ ಸಲ ಅಷ್ಟಿರಲಿಲ್ಲ. ಬೋರ್ಡಿನ ಮೇಲೆ ಮಾತ್ರ ಅದೇ ಉದ್ದನೆಯ ಹೆಸರು ಇದೆ, ಅದನ್ನು ಬದಲಾಯಿಸುವ ಮನಸ್ಸೇನೂ ಅವಳಿಗೆ ಬರಲಿಲ್ಲ.

ವಕೀಲರು ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಬಂದ ದಿನ, ಕೆಲಸ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. ಕೈಯಲ್ಲಿದ್ದ ಲೋಟದ ನೀರನ್ನು ನೋಡುತ್ತ ಕೂತರು.

"ಡಾಕ್ಟ್ರೇ, ಅವತ್ತು ನಾನು ನಕ್ಕಿದ್ದು ನಿಮ್ಮ ಹೆಸರಿಗಲ್ಲ. ನಮ್ಮಮ್ಮ ಇವತ್ತಿಗೂ ನನ್ನ ಪಾಪಚ್ಚಿ ಅಂತಾರೆ. ಒಂದ್ಸಲ ಕೋರ್ಟಿಗೆ ಬಂದು, ಜನ ತುಂಬಿರೋ ವರಾಂಡದಲ್ಲಿ, ಪಾಪಚ್ಚಿ, ಕೋಟಿನ ಗುಂಡಿ ಹಾಕ್ಕೋ ಅಂದ್ರು. ಎದುರು ಪಕ್ಷದ ವಕೀಲರು ಪಕ್ಕದಲ್ಲೇ ಇದ್ರು."

"ಆಮೇಲೆ?"

"ಆಮೇಲೇನು, ಗುಂಡಿ ಹಾಕ್ಕೊಂಡೆ." ವಕೀಲರು ಅರೆನರೆತ ಮೀಸೆ ಒರೆಸಿಕೊಂಡರು. "ಐವತ್ತೇಳು ವರ್ಷದೋನಿಗೆ ಪಾಪಚ್ಚಿ ಹೊಂದುತ್ತಾ ಹೇಳಿ."

"ಹೊಂದಲ್ಲ," ಎಂದಳು ಅವಳು ನಗುತ್ತ. "ನಿಮಗೂ ಹೊಂದಲ್ಲ, ನನಗೂ ಹೊಂದಲ್ಲ. ಹೆಸರಿಟ್ಟೋರೇನು ನಮ್ಮ ಅಳತೆ ಹಿಡಿದು ಹೊಲಿಸಿದ್ರಾ? ಇರಲಿ, ಎಡಗಡೆ ಕಚ್ಚಿ ನೋಡಿ, ಎತ್ತರ ಸರಿಯಿದೆಯಾ?"

ವಕೀಲರು ಕಚ್ಚಿ ನೋಡಿದರು. ಸರಿಯಿತ್ತು.

ಅವರು ಹೋದ ಮೇಲೆ ಒಳಗೆ ಬಂದದ್ದು ಮಾವ. ಹೊಸ ಸೆಟ್ಟು ಬಂದು ನಾಲ್ಕು ದಿನವಾಗಿತ್ತು. ಕೆಳದವಡೆಯ ಒಂದು ಕಡೆ ಒಸಡಿಗೆ ಒತ್ತುತ್ತಿದೆ ಎಂದ. ಅವಳು ಕೆಂಪಾದ ಜಾಗ ಗುರುತು ಹಾಕಿ, ಸೆಟ್ಟಿನ ಆ ಅಂಚನ್ನು ಉಜ್ಜುತ್ತಿದ್ದಾಗ, ಮಾವ ಬೊಚ್ಚುಬಾಯಲ್ಲೇ ಅತ್ತೆಯ ಸುದ್ದಿ, ಬಸ್ಸಿನ ಸುದ್ದಿ, ಹೊಸ ಕಂಡಕ್ಟರುಗಳಿಗೆ ಗಂಟಲೇ ಇಲ್ಲದ ಸುದ್ದಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅವಳು ಹೂಂಗುಟ್ಟುತ್ತ ಕೆಲಸ ಮಾಡಿದಳು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು, ಅವಳೇನೂ ಅವಸರ ಮಾಡಲಿಲ್ಲ.