ಎಡಗಡೆಯ ಕುರ್ಚಿ

ದೊಡ್ಡ ಡಾಕ್ಟರು ಬದುಕಿಡೀ ಒಂದೇ ರೋಗದ ಬೆನ್ನು ಹತ್ತಿದ್ದರು. ಪಾರ್ಶ್ವವಾಯು ಬಡಿದು ಮಿದುಳಿನ ಬಲಭಾಗ ಕೆಟ್ಟವರಲ್ಲಿ ಕೆಲವರಿಗೆ ಪ್ರಪಂಚದ ಎಡಭಾಗವೇ ಇಲ್ಲವಾಗಿಬಿಡುತ್ತದೆ. ಕಣ್ಣು ನೆಟ್ಟಗಿರುತ್ತದೆ; ಎಡಗಡೆ ಎಂಬುದೊಂದು ಇದೆಯೆನ್ನುವುದೇ ಮರೆತುಹೋಗಿರುತ್ತದೆ. ತಟ್ಟೆಯ ಬಲಭಾಗದ ಊಟ ಮುಗಿಸಿ "ಇಷ್ಟೇನಾ?" ಅನ್ನುತ್ತಾರೆ. ಅರ್ಧ ಗಡ್ಡ ಬೋಳಿಸಿಕೊಂಡು ಕನ್ನಡಿ ಮುಂದೆ ಬೀಗುತ್ತಾರೆ. ಎಡಗಡೆ ನಿಂತು ಕೂಗಿದರೆ ಬಲಕ್ಕೆ ತಿರುಗಿ ಹುಡುಕುತ್ತಾರೆ. ಮಜವೆಂದರೆ, ತಮಗೇನೂ ಆಗಿಲ್ಲ ಎಂದೇ ಅವರ ನಂಬಿಕೆ.

ಇದಕ್ಕೆ ದೊಡ್ಡ ಡಾಕ್ಟರು ಕಂಡುಹಿಡಿದ ಚಿಕಿತ್ಸೆಗೆ ಖರ್ಚೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ನೀರು, ಊಟ, ಹೆಂಡತಿ, ಮಕ್ಕಳು, ರೋಗಿಗೆ ಬೇಕಾದದ್ದೆಲ್ಲ ಎಡಗಡೆಯೇ ಇರಬೇಕು. ಬೇಕಿದ್ದರೆ ತಿರುಗಲಿ. ತಿರುಗದಿದ್ದರೆ ಕಾಯಲಿ. ಒಂದಲ್ಲ ಒಂದು ದಿನ ಮಿದುಳು ಸೋತು ದಾರಿಗೆ ಬರುತ್ತದೆ. ಈ ಪದ್ಧತಿಗೆ ಅವರ ಹೆಸರೇ ಬಿತ್ತು. ವಾರ್ಡಿನ ಪ್ರತಿ ಮಂಚದ ತಲೆಯ ಮೇಲೆ "ಎಲ್ಲವೂ ಎಡಗಡೆಯಿಂದ" ಎಂಬ ಹಲಗೆ ಬಂತು. ಹಬ್ಬ ಹರಿದಿನ, ರಜೆ, ಜ್ವರ ಯಾವುದನ್ನೂ ಲೆಕ್ಕಿಸದೆ ದುಡಿದ ಮನುಷ್ಯ. ಸ್ವಂತ ಮಗಳ ಮದುವೆಯ ಊಟದಿಂದಲೂ ಅರ್ಧಕ್ಕೇ ಎದ್ದು ಕೈ ತೊಳೆದು ವಾರ್ಡಿಗೆ ಹೋದವರು.

ಈಗ ಆ ಹಲಗೆಯ ಕೆಳಗೆ ಅವರೇ ಮಲಗಿದ್ದರು.

ಎಡಗಡೆಯ ಕುರ್ಚಿಯಲ್ಲಿ ಅವರ ಹೆಂಡತಿ. ಒಂದು ಮಾತ್ರೆಯ ಹೆಸರೂ ಬಾರದಿದ್ದರೂ ಆಸ್ಪತ್ರೆಯವರಿಗೆಲ್ಲ ಅವಳು ಡಾಕ್ಟರಮ್ಮ. ವರ್ಷಗಟ್ಟಲೆ ಊಟದ ಡಬ್ಬಿ ಹೊತ್ತು ತಂದದ್ದಕ್ಕೆ ಸಿಕ್ಕ ಪದವಿ ಅದು. ಅವಳಿಗೆ ಬೇಕಾಗಿದ್ದದ್ದು ಒಂದೇ: ಯಾರೂ ಹೇಳದೆ, ತಾವಾಗಿಯೇ, ಅವರು ಒಮ್ಮೆ ಕತ್ತು ತಿರುಗಿಸಿ ತನ್ನನ್ನು ನೋಡಬೇಕು. ನೋಡಿದರೆ ಗುಣವಾದಂತೆ ಎಂದು ಅವರೇ ಸಾವಿರ ಸಲ ಹೇಳಿದ್ದರಲ್ಲ. ಹಾಗಾಗಿ ಕುರ್ಚಿಯನ್ನು ಒಂದು ಅಂಗುಲವೂ ಆಚೆ ಸರಿಸದೆ ಸ್ವೆಟರ್ ಹೆಣೆಯುತ್ತ ಕಾಯುತ್ತಿದ್ದಳು.

ನೋಡಲು ಬಂದ ಅವಳ ಅಕ್ಕ ಮಾತ್ರ ಬಾಯಿಗೆ ಬೀಗ ಹಾಕುವವಳಲ್ಲ. "ಮದುವೆಯಾದಾಗಿಂದ ನಿನ್ನ ಗಂಡ ಈ ಕಡೆ ತಿರುಗಿದ್ದನ್ನ ನಾನಂತೂ ಕಾಣೆ ಕಣೆ. ಈಗ ಅದಕ್ಕೊಂದು ರೋಗದ ಹೆಸರು ಸಿಕ್ಕಿದೆ, ಅಷ್ಟೇ."

"ಸುಮ್ನಿರೇ ಅಕ್ಕಾ, ಕೇಳಿಸುತ್ತೆ."

"ಕೇಳಿಸಲಿ ಬಿಡು. ಯಾರು ಅಂದಿದ್ದು ಅಂತ ಆ ಕಡೆ ಗೋಡೆ ಮೇಲೆ ಹುಡುಕ್ತಾರೆ."

ಅದು ಸುಳ್ಳಾಗಿರಲಿಲ್ಲ. ಎಡಗಡೆಯಿಂದ ಡಾಕ್ಟರಮ್ಮ ಆಡಿದ ಮಾತಿಗೆಲ್ಲ ಅವರು ಬಲಗಡೆ ನಿಂತಿದ್ದ ಸಲೈನ್ ಸ್ಟ್ಯಾಂಡಿಗೆ ಉತ್ತರ ಕೊಡುತ್ತಿದ್ದರು. ಆ ಸ್ಟ್ಯಾಂಡಿನೊಡನೆ ಅವರು ಆಡಿದಷ್ಟು ಮಾತು ಮನೆಯಲ್ಲಿ ಎಂದೂ ಆಡಿರಲಿಲ್ಲ.

ಬೆಳಗ್ಗೆ ವಿದ್ಯಾರ್ಥಿಗಳ ದಂಡು ಬಂತು. ಮುಂದೆ ದೊಡ್ಡ ಡಾಕ್ಟರ ಶಿಷ್ಯ, ವಿಭಾಗದ ಈಗಿನ ಮುಖ್ಯಸ್ಥ. ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದ. ಹನ್ನೆರಡೂ ಅಂಕಿಗಳು ಬಲಭಾಗದಲ್ಲಿ ಒಂದರ ಮೇಲೊಂದು ಕುಕ್ಕರಿಸಿದವು, ಎಡಭಾಗ ಬೋಳು. ಶಿಷ್ಯ ಅದನ್ನೇ ಅವರ ಮುಂದೆ ಹಿಡಿದು ಕೇಳಿದ: "ಸರ್, ಈ ಚಿತ್ರದ ಬಗ್ಗೆ ಏನಂತೀರಿ?"

ದೊಡ್ಡ ಡಾಕ್ಟರು ಕನ್ನಡಕ ಏರಿಸಿದರು. ಹಳೆಯ ಗತ್ತು ಬಂತು. "ಯಾವ ರೋಗಿ ಬರೆದದ್ದಯ್ಯಾ ಇದು? ಚೆನ್ನಾಗೇ ಇದೆ. ಮನೆಗೆ ಕಳಿಸಿ, ಮಂಚ ಖಾಲಿ ಆಗಲಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಉಳಿದವರು ಅಭ್ಯಾಸಬಲದಿಂದ ಅದನ್ನೂ ಬರೆದುಕೊಂಡರು. ಶಿಷ್ಯ ಅವರ ಸತ್ತ ಎಡಗೈ ಎತ್ತಿ ತೋರಿಸಿದ. "ಇದು ಯಾರ ಕೈ ಸರ್?"

"ನಿಂದೇ ಇರಬೇಕು. ತೆಗಿಯಯ್ಯಾ, ಭಾರ."

ರೋಗಿಯ ಎದುರಿಗೇ ರೋಗಿಯ ಗೇಲಿ ಮಾಡಿ ಪಾಠ ಹೇಳುವ ಪದ್ಧತಿಯೂ ಅವರದೇ. ಗುರುವಿನಿಂದ ಕಲಿತದ್ದನ್ನು ಶಿಷ್ಯ ಗುರುವಿಗೇ ಒಪ್ಪಿಸಿ ಮುಂದಿನ ಮಂಚಕ್ಕೆ ಹೋದ.

ಮಧ್ಯಾಹ್ನ ಶುರುವಾಯಿತು ನೀರಿನ ರಗಳೆ. "ಇವಳೇ, ನೀರು."

"ಇಲ್ಲಿದೆ ನೋಡಿ. ಈ ಕಡೆ ತಿರುಗಿ."

ಅವರು ಸ್ಟ್ಯಾಂಡನ್ನು ದುರುಗುಟ್ಟಿದರು. "ಕೇಳಿದ್ದು ನೀರು. ಎದುರಿಗೇ ನಿಂತು ಆಟ ಆಡಿಸ್ತೀಯಾ?"

ಸಲೈನ್ ಹೋಗುತ್ತಿದ್ದುದರಿಂದ ಬಾಯಾರಿ ಸಾಯುವ ಭಯವಿರಲಿಲ್ಲ. ಬಾಯಾರಿಕೆ ಮಾತ್ರ ಇತ್ತು. ತುಟಿ ಒಣಗಿ ಬಿರಿದಿತ್ತು. ಡಾಕ್ಟರಮ್ಮ ಲೋಟ ಹಿಡಿದು ಎದ್ದು ನಿಂತಳು. ಅವಳಿಗೆ ಒಬ್ಬ ದರ್ಜಿಯ ಹೆಂಡತಿಯ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಇದೇ ವಾರ್ಡಿನಲ್ಲಿ ಆಕೆ ಗಂಡನ ಸಂಕಟ ತಾಳಲಾರದೆ ಲೋಟ ಹಿಡಿದು ಬಲಗಡೆಗೆ ಓಡಿದ್ದಳು. ದೊಡ್ಡ ಡಾಕ್ಟರು ಲೋಟ ಕಿತ್ತುಕೊಂಡು, "ನಿನಗೆ ಗಂಡ ಬೇಕೋ, ನಿನ್ನ ಅಳು ಬೇಕೋ?" ಎಂದು ವಾರ್ಡೆಲ್ಲ ಕೇಳುವಂತೆ ಗದರಿದ್ದರು. ದರ್ಜಿ ತಿರುಗಲೂ ಇಲ್ಲ, ಉಳಿಯಲೂ ಇಲ್ಲ. ಲೋಟ ಕಿತ್ತುಕೊಂಡ ದಿನ ರಾತ್ರಿ ದೊಡ್ಡ ಡಾಕ್ಟರು ಮನೆಯಲ್ಲಿ ಊಟಕ್ಕೆ ಕೂತು ಅದನ್ನೇ ತಮಾಷೆ ಮಾಡಿ ಹೇಳಿದ್ದರು. ಬಡಿಸುತ್ತ ನಿಂತ ಇವಳೂ ನಕ್ಕಿದ್ದಳು.

ಲೋಟ ಹಿಡಿದೇ ನಿಂತಿದ್ದವಳನ್ನು ನೋಡಿ ಶಿಷ್ಯ ಒಳಗೆ ಬಂದ. ಒಬ್ಬನೇ ಇದ್ದ, ಬೆಳಗಿನ ಠೀವಿ ಇರಲಿಲ್ಲ.

"ಅಮ್ಮಾ, ಸಾಕು ಬಿಡಿ. ಆ ಕಡೆ ಹೋಗಿ ಕುಡಿಸಿ."

"ನಿಯಮ ಮುರಿದರೆ ಗುಣ ಆಗೋದು ಹೇಗಪ್ಪಾ?"

ಅವನು ಹಲಗೆಯ ಕಡೆ ನೋಡಿದ, ಆಮೇಲೆ ತನ್ನ ಬೂಟಿನ ಕಡೆ. "ಇದರಿಂದ ಯಾರೂ ಗುಣ ಆಗಲ್ಲಮ್ಮಾ. ಬಲಗಡೆಯಿಂದ ನೀರು, ಊಟ ಸಿಕ್ಕ ರೋಗಿಗಳು, ಎಡಗಡೆಯಿಂದ ಸಿಕ್ಕ ರೋಗಿಗಳು, ಎರಡೂ ಗುಂಪನ್ನ ಹೋಲಿಸಿ ನೋಡಿದೀನಿ. ತಿರುಗೋರು ಹೇಗಿದ್ರೂ ತಿರುಗ್ತಾರೆ. ತಿರುಗದೋರು ಒದ್ದಾಡ್ತಾರೆ, ಅಷ್ಟೇ."

"ಅವರಿಗೆ ಹೇಳಲಿಲ್ವಾ?"

"ಹೇಳಿದ್ದೆ. ಅಂಕಿಗಳನ್ನೆಲ್ಲ ಪೂರ್ತಿ ನೋಡಿದ್ರು. ಇದು ಹೊರಗೆ ಹೋದ್ರೆ ನೀನೂ ಹೊರಗೆ ಅಂದ್ರು. ನನಗೂ ಸಂಸಾರ ಇತ್ತಲ್ಲಮ್ಮಾ."

"ಹಲಗೆ ಈಗಾದ್ರೂ ತೆಗಿಬಹುದಿತ್ತು."

"ಸರ್ ಇರೋವರೆಗೂ..." ಎಂದು ಮಾತು ನುಂಗಿ ಅವನು ಹೊರಟುಹೋದ.

ಡಾಕ್ಟರಮ್ಮ ಹೆಚ್ಚು ಹೊತ್ತು ಯೋಚಿಸಲಿಲ್ಲ. ಮಂಚ ಸುತ್ತಿ ಬಲಗಡೆಗೆ ಹೋಗಿ, ಸ್ಟ್ಯಾಂಡ್ ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ನಿಂತಳು. ಅವರ ಕಣ್ಣು ಅವಳ ಮೇಲೆ ಬಿತ್ತು. ಎಷ್ಟು ದಿನವಾಗಿತ್ತೋ! ಅವರು ಲೋಟ ನೋಡಿದರು, ಅವಳ ಮುಖ ನೋಡಿದರು, ಹಣೆ ಗಂಟಿಕ್ಕಿದರು.

"ಎಷ್ಟು ಧೈರ್ಯ ನಿನಗೆ! ರೋಗಿಯ ಮನೆಯವರು ಎಲ್ಲಿರಬೇಕು?"

"ನೀರು ಕೇಳಿದ್ರಲ್ಲಾ..."

"ಕೇಳಿದ ತಕ್ಷಣ ಓಡಿ ಬರೋದಾ? ಆ ದರ್ಜಿ ಹೆಂಡತಿಗೂ ನಿನಗೂ ಏನು ವ್ಯತ್ಯಾಸ? ದಡ್ಡಿ. ಇಷ್ಟು ವರ್ಷ ನನ್ನ ಜೊತೆ ಇದ್ದು ಕಲಿತದ್ದು ಇದೇನಾ? ಹೋಗು, ಎಡಗಡೆ ನಿಂತ್ಕೋ."

ಲೋಟ ಅವರ ಗಲ್ಲದ ಹತ್ತಿರವೇ ಇತ್ತು. ಅವರ ನಾಲಿಗೆ ತುಟಿ ಸವರಿತು. ಡಾಕ್ಟರಮ್ಮ, ಎಂದಿನಂತೆ, ಹೇಳಿದ ಮಾತು ಕೇಳಿದಳು. ಸ್ಟ್ಯಾಂಡನ್ನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟು, ತುಂಬಿದ ಲೋಟ ತುಳುಕದ ಹಾಗೆ ಹಿಡಿದು, ಮಂಚ ಸುತ್ತಿ ಎಡಗಡೆಗೆ ಬಂದಳು.

"ಇವಳೇ... ಎಲ್ಲಿ ಹೋದೆ? ನೀರು ಎಲ್ಲಿ?"

"ಇಲ್ಲೇ ಇದೀನ್ರೀ. ನೀವು ಹೇಳಿದ ಜಾಗದಲ್ಲೇ."

ಅವರು ಸ್ಟ್ಯಾಂಡಿನ ಕಡೆ ನೋಡಿ ಬೇಡತೊಡಗಿದರು. ಮೊದಲು ಗದರಿಕೆ, ಆಮೇಲೆ ಬೈಗುಳ, ಕೊನೆಗೆ ಬರಿಯ "ಒಂದು ಗುಟುಕು, ಒಂದೇ ಗುಟುಕು." ಇಷ್ಟು ಮೆತ್ತಗಿನ ದನಿ ಅವರಲ್ಲಿ ಇದೆಯೆಂದು ಅವಳಿಗೆ ಇವತ್ತೇ ಗೊತ್ತಾದದ್ದು.

ಲೋಟವನ್ನು ಎಡಗಡೆಯ ಮೇಜಿನ ಮೇಲಿಟ್ಟು ತಟ್ಟೆ ಮುಚ್ಚಿದಳು, ದೂಳು ಬೀಳಬಾರದಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಸ್ವೆಟರಿನ ಬಲತೋಳು ಮುಗಿದಿತ್ತು; ಎಡತೋಳಿಗೆ ಕುಣಿಕೆ ಎಣಿಸತೊಡಗಿದಳು.