ಎರಡು ಅಕ್ಷರಕ್ಕೆ ನಿಂತ ಕಂಪ್ಯೂಟರ್

ನವರಾತ್ರಿಯ ಘಟ ಕೂಡಿಸುವ ಮುಂಚೆ ಮನೆಯಲ್ಲಿರುವುದೆಲ್ಲ ತೊಳೆದು ಒಣಗಬೇಕು ಎಂಬುದು ಗಂಗಾಳ ತವರಿನ ಪದ್ಧತಿ. ಹಲಸೂರಿನ ಬಾಡಿಗೆ ಮನೆಯಲ್ಲೂ ಅದಕ್ಕೆ ವಿನಾಯಿತಿ ಇರಲಿಲ್ಲ. ಕೌದಿಗಳು ತಾರಸಿಗೆ ಹೋದವು, ಡಬ್ಬಿಗಳು ಬೋರಲು ಬಿದ್ದವು. "ನಿಮ್ಮದೂ ಅಷ್ಟು ಸ್ವಚ್ಛ ಮಾಡ್ಕೋರಿ" ಎಂದು ಅವಳು ಗಂಡನ ಕಂಪ್ಯೂಟರ್ ಮೇಜು ತೋರಿಸಿದಳು. ಕಿರಣಕುಮಾರ ಧೂಳು ಒರೆಸಿದ. ಅದೇ ಹುಮ್ಮಸ್ಸಿನಲ್ಲಿ, ಕಂಪ್ಯೂಟರ್ ನಡೆಸುವ ಲಿನಕ್ಸಿಗೆ ಅದರ ತಿರುಳಾದ ಕರ್ನಲ್ ಹೊಸದು ಹಾಕಿ, ಹಳೆಯದನ್ನೂ ಅದರ ಸುತ್ತಲಿನ ಫೈಲುಗಳನ್ನೂ ಅಳಿಸಿದ.

ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಎಲ್, ಐ ಎಂದು ಎರಡು ಅಕ್ಷರ ಮೂಡಿ, ಯಂತ್ರ ಅಲ್ಲಿಗೇ ನಿಂತಿತು.

ಗಂಗಾ ಒದ್ದೆ ಕೈಯಲ್ಲೇ ಓಡಿಬಂದಳು. ಅವಳ ತಾಯಿ ಅಮೃತಮ್ಮ ಹಾಡಿದ ಪುರಾಣದ ಪದ್ಯಗಳು ಆ ಡಿಸ್ಕಿನಲ್ಲಿದ್ದವು. ಹೋದ ವರ್ಷ ರೆಕಾರ್ಡ್ ಮಾಡಿದ್ದು. ಆಮೇಲೆ ಗಂಟಲಿನ ಆಪರೇಷನ್ ಆಗಿ ಅಮೃತಮ್ಮನಿಗೆ ಪಿಸುಮಾತಷ್ಟೇ ಉಳಿದಿತ್ತು. ನಾಳೆಯಿಂದ ಬಾಣಸವಾಡಿಯಲ್ಲಿ ಊರ ಕಡೆಯವರು ಸೇರುವ ಮನೆಯಲ್ಲಿ ಪುರಾಣ ಓದುವ ಸರದಿ ಗಂಗಾಳದು. ಪದ್ಯ ಬಾಯಿಗೆ ಬಂದಿತ್ತು. ಧಾಟಿ ಕಲಿಯಲು ಆ ದನಿಯೇ ಬೇಕು.

"ಅವ್ವನ ದನಿ ಹೋಯ್ತೇನ್ರೀ?"

"ಹೋಗಿಲ್ಲ ಬಿಡು" ಎಂದ. ಅವನಿಗೇ ಖಾತ್ರಿ ಇರಲಿಲ್ಲ.

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮೃತಮ್ಮ ಪಿಸುಗುಟ್ಟಿದರು: "ನಂದು ಒಂದ್ಸಲ ಹೋಗ್ಯದ. ಎರಡನೇ ಸಲ ಹೋಗ್ಲಾಕ ಏನದ?"

ಕಿರಣ ಇಂದಿರಾನಗರದಲ್ಲಿದ್ದ ಗೆಳೆಯ ಕೇದಾರ್‌ಗೆ ಫೋನ್ ಮಾಡಿ ಆದದ್ದು ಹೇಳಿದ.

"ಹೊಸ ಕರ್ನಲ್ ಹಾಕಿದ್ಮೇಲೆ ಲಿಲೋ ಓಡಿಸಿದ್ಯಾ ಗುರು?"

"ಇಲ್ಲ. ಹಳೇದೆಲ್ಲ ತೆಗದ್ಹಾಕ್ದೆ."

"ಯಾಕೋ?"

"ನವರಾತ್ರಿ ಅಲ್ಲೇನು. ಮನಿ ಸ್ವಚ್ಛ ಮಾಡ್ಲಿಕತ್ತಿದ್ವಿ."

ಕೇದಾರ್ ನಕ್ಕು ಮುಗಿಸುವವರೆಗೆ ಕಿರಣ ಕಾದ.

"ಮಗಾ, ಕಂಪ್ಯೂಟರ್ ಆನ್ ಆದಾಗ ಕರ್ನಲ್‌ನ ಎಬ್ಬಿಸೋದು ಲಿಲೋ. ಡಿಸ್ಕಲ್ಲಿ ಅದು ಎಲ್ಲಿತ್ತೋ ಅದೇ ಜಾಗಕ್ಕೆ ಹೋಗಿ ಬಾಗಿಲು ತಟ್ಟತ್ತೆ. ನೀನು ಮನೆ ಖಾಲಿ ಮಾಡ್ಸಿದೀಯ, ಹೊಸ ವಿಳಾಸ ಕೊಟ್ಟಿಲ್ಲ. ಸಿ.ಡಿ. ಹಾಕಿ ಎಬ್ಬಿಸು, ವಿಳಾಸ ಬರೆದು ಲಿಲೋ ಓಡ್ಸು. ಫಾರ್ಮ್ಯಾಟ್ ಗೀರ್ಮ್ಯಾಟ್ ಮಾಡ್ಬೇಡ, ಇರೋದೆಲ್ಲ ಅಳಿಸ್ಹೋಗತ್ತೆ."

ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಯಿಂದ ಯಂತ್ರ ಎದ್ದಿತು. ಡಿಸ್ಕಿನೊಳಗೆ 'ಅವ್ವ' ಎಂಬ ಫೋಲ್ಡರ್ ಕಂಡಿತು. ಆದರೆ ಹೀಗೆ ಸಿ.ಡಿ.ಯಿಂದ ಎದ್ದ ಯಂತ್ರಕ್ಕೆ ಸ್ಪೀಕರ್ ನುಡಿಸಲು ಬಾರದು. ಕಿರಣ ಲಿಲೋದ ಸೂಚನೆಗಳಲ್ಲಿ ಹಳೆಯ ಕರ್ನಲಿನ ವಿಳಾಸವಿದ್ದ ಸಾಲನ್ನು ಹೊಸದಕ್ಕೆ ತಿದ್ದಿ, ಲಿಲೋ ಓಡಿಸಿ, ಸಿ.ಡಿ. ತೆಗೆದು ಮತ್ತೆ ಚಾಲೂ ಮಾಡಿದ. ಈ ಸಲ ಎಲ್, ಐ, ಎಲ್, ಓ ಎಂದು ಲಿಲೋದ ನಾಲ್ಕೂ ಅಕ್ಷರ ಬಂದವು, ಹಿಂದೆಯೇ ಸಾಲುಗಳು ಸರಸರ ಏರಿದವು.

ಸ್ಪೀಕರಿನಿಂದ ಅಮೃತಮ್ಮನ ತುಂಬುದನಿ ಹೊರಟಿತು. ಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣು ಮುಚ್ಚಿ ಕೇಳುತ್ತಿದ್ದ ಅಮೃತಮ್ಮ ಕೈಯೆತ್ತಿದರು.

"ನಿಲ್ಲಸು. ಅಲ್ಲಿ ನಾ ಅವಸರ ಮಾಡೀನಿ. ನೀ ಹಾಂಗ ಹಾಡಬ್ಯಾಡ."

"ಮತ್ತ ಹ್ಯಾಂಗವ್ವಾ?"

ಅಮೃತಮ್ಮ ಹತ್ತಿರ ಸರಿದು ಮಗಳ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಬೆರಳು ತಡೆದಲ್ಲಿ ಗಂಗಾಳ ದನಿಯೂ ತಡೆದು, ನಿಧಾನವಾಗಿ ಮುಂದಿನ ಸಾಲಿಗೆ ಇಳಿಯಿತು.